ಮ್ಯಾಚ್ ಟೆನ್ಷನ್: ಮಕ್ಕಳ ಜೊತೆ ನಾವು ಹೇಗಿರಬೇಕು?

ಮ್ಯಾಚ್ ಶುರುವಾಗಲು ಇನ್ನು ಅರ್ಧ ಗಂಟೆ. ಮಗಳು ಆಗಲೇ ಮೂರು ಸಲ ಬಾತ್‌ರೂಮಿಗೆ ಹೋಗಿ ಬಂದಿದ್ದಾಳೆ, ಕಟ್ಟಿದ ಶೂ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾಳೆ, ಕೈ ಮುಟ್ಟಿದರೆ ತಣ್ಣಗಿದೆ. ಆಗ ನಮ್ಮ ಬಾಯಿಗೆ ಮೊದಲು ಬರುವ ಮಾತು "ಟೆನ್ಷನ್ ಮಾಡ್ಕೋಬೇಡ". ದಯವಿಟ್ಟು ಹಾಗೆ ಹೇಳಬೇಡಿ. ಅವಳೇನು ಬೇಕು ಅಂತ ಮಾಡಿಕೊಂಡಿಲ್ಲ, ಅಲ್ವಾ? ಮೈಯಲ್ಲಿ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರಿದಾಗ ಎದೆ ಜೋರಾಗಿ ಬಡಿದುಕೊಳ್ಳುತ್ತದೆ, ಕೈಯ ಚರ್ಮಕ್ಕೆ ಹೋಗುವ ರಕ್ತ ಕಮ್ಮಿಯಾಗಿ ಸ್ನಾಯುಗಳಿಗೆ ಜಾಸ್ತಿ ಹೋಗುತ್ತದೆ. "ನಿನ್ನ ಮೈ ಆಡೋಕೆ ರೆಡಿ ಆಗ್ತಿದೆ, ಎಲ್ಲರಿಗೂ ಹೀಗೇ ಆಗತ್ತೆ" ಅನ್ನಿ. ಅದು ನಿಜ ಕೂಡ.

ಆಮೇಲೆ ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಒಂದೆರಡು ನಿಮಿಷ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಬಿಡುವ ಹೊತ್ತು ಜಾಸ್ತಿ ಇರಬೇಕು. ಇದನ್ನು ಮ್ಯಾಚಿನ ದಿನ ಮೊದಲ ಸಲ ಹೇಳಿಕೊಟ್ಟರೆ ಪ್ರಯೋಜನವಿಲ್ಲ, ದಿನಾ ಪ್ರಾಕ್ಟೀಸಿನಲ್ಲಿ ರೂಢಿಯಾಗಬೇಕು.

ಗೆಲ್ಲುವುದು ಮಗುವಿನ ಕೈಯಲ್ಲಿ ಪೂರ್ತಿ ಇಲ್ಲ. ಎದುರಾಳಿ ಇದ್ದಾರೆ, ಅಂಪೈರ್ ಇದ್ದಾರೆ, ಗಾಳಿ ಮಳೆ ಇದೆ. ಹಾಗಾಗಿ ಕೈಯಲ್ಲಿರುವ ಒಂದೇ ಒಂದು ಕೆಲಸ ಕೊಡಿ: "ಪ್ರತಿ ಸರ್ವ್‌ಗೆ ಮುಂಚೆ ಒಂದು ಸಲ ನಿಧಾನಕ್ಕೆ ಉಸಿರು ಬಿಡು." ತಪ್ಪಾದಾಗ ಏನು ಮಾಡಬೇಕು ಅನ್ನೋದನ್ನೂ ಮೊದಲೇ ಮಾತಾಡಿಕೊಳ್ಳಿ. ರಿಸ್ಟ್‌ಬ್ಯಾಂಡ್ ಒಮ್ಮೆ ಎಳೆದು, "ಮುಂದಿನ ಬಾಲ್" ಅಂದುಕೊಂಡು ಜಾಗಕ್ಕೆ ವಾಪಸ್. ಅಷ್ಟು ಸಾಕು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಮ್ಯಾಚ್ ಮುಗಿದ ಮೇಲಿನ ಮೊದಲ ಒಂದು ಗಂಟೆ. ಸೋತು ಬಂದ ಮಗು ಬ್ಯಾಗ್ ಮಡಿಲಲ್ಲಿಟ್ಟುಕೊಂಡು ಕಿಟಕಿ ಕಡೆ ಮುಖ ಮಾಡಿ ಕೂತಿರುತ್ತದೆ, ನಾವು ಮುಂದಿನ ಸೀಟಿನಿಂದ "ಆ ಪಾಯಿಂಟಲ್ಲಿ ಯಾಕೆ ಹಾಗೆ ಹೊಡೆದೆ" ಅಂತ ಶುರು ಮಾಡುತ್ತೇವೆ. ಸುಮ್ನೆ ಇರಿ. "ನೀನು ಆಡೋದು ನೋಡೋಕೆ ನಂಗೆ ಇಷ್ಟ" ಅನ್ನಿ, ಹಸಿವಾಗಿದೆಯಾ ಕೇಳಿ, ಆಟದ ಮಾತು ಅವರೇ ತೆಗೆದರೆ ಮಾತ್ರ ಮಾತಾಡಿ. ತಪ್ಪು ತಿದ್ದೋಕೆ ಕೋಚ್ ಇದ್ದಾರೆ, ನಾಳೆ ಪ್ರಾಕ್ಟೀಸ್ ಇದೆ. ಗೆದ್ದ ದಿನ ಸಂಭ್ರಮ, ಸೋತ ದಿನ ಮೌನ ಅಂತಾದರೆ ಮನೆಯವರ ಪ್ರೀತಿಯೂ ಸ್ಕೋರ್ ಮೇಲೆ ನಿಂತಿದೆ ಅಂತ ಮಗು ಅರ್ಥ ಮಾಡಿಕೊಳ್ಳುತ್ತದೆ. ಆ ಒತ್ತಡದ ಮುಂದೆ ಯಾವ ಉಸಿರಾಟವೂ ಕೆಲಸ ಮಾಡಲ್ಲ.

ನಿದ್ದೆ, ರಜೆ ಎರಡರಲ್ಲೂ ಜಿಪುಣತನ ಬೇಡ. 13ರಿಂದ 18 ವರ್ಷದವರಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕು. ವಾರಕ್ಕೆ ಒಂದು ದಿನವಾದರೂ ಪ್ರಾಕ್ಟೀಸ್ ಇಲ್ಲದೆ ಇರಲಿ.

ಪ್ರಾಕ್ಟೀಸಿಗೆ ಹೊರಡುವಾಗೆಲ್ಲ ಹೊಟ್ಟೆನೋವು, ವಾಸಿಯಾಗದ ಸಣ್ಣಪುಟ್ಟ ಗಾಯ, ಊಟ ಬಿಡುವುದು, ಸಣ್ಣದಕ್ಕೂ ಸಿಡುಕು ಇವೆಲ್ಲ ವಾರಗಟ್ಟಲೆ ಇದ್ದರೆ ನೆಪ ಅಂತ ತಳ್ಳಿಹಾಕಬೇಡಿ. ಆಟ ಸ್ವಲ್ಪ ದಿನ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ನಿಲ್ಲಿಸಿದರೆ ಎಲ್ಲಾ ಮುಗಿದೇ ಹೋಯಿತು ಅಂತಲ್ಲ. 2021ರ ಟೋಕಿಯೊ ಒಲಿಂಪಿಕ್ಸಿನಲ್ಲಿ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ತಂಡದ ಫೈನಲ್ ಮಧ್ಯದಲ್ಲೇ ಹಿಂದೆ ಸರಿದರು, 2024ರಲ್ಲಿ ಪ್ಯಾರಿಸ್‌ಗೆ ಬಂದು ಮೂರು ಚಿನ್ನ ಗೆದ್ದರು. ಇನ್ನು ಮಗು "ಬದುಕೋಕೆ ಇಷ್ಟ ಇಲ್ಲ" ಅನ್ನೋ ಥರ ಮಾತಾಡಿದರೆ ನಾಳೆಗೆ ಮುಂದೂಡಬೇಡಿ. ಅವತ್ತೇ ಮಾನಸಿಕ ಆರೋಗ್ಯ ತಜ್ಞರ ಹತ್ತಿರ ಕರೆದುಕೊಂಡು ಹೋಗಿ, ಅಲ್ಲಿಯವರೆಗೆ ಒಂಟಿಯಾಗಿ ಬಿಡಬೇಡಿ.