ಎಪಿಪಿ ಕಚೇರಿಯಲ್ಲಿ ನಾಲ್ಕು ವಾರ: ಕಾನೂನು ವಿದ್ಯಾರ್ಥಿಗಳಿಗೆ ನಾನು ಕೆಲಸ ಕಲಿಸುವ ಬಗೆ

"ಬೆಳಿಗ್ಗೆ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಆ ಹುಡುಗಿ ನಿಮಗೆ ಏನು ಓದಿ ಹೇಳಿದರು?"

ಪಾಟೀ ಸವಾಲಿನಲ್ಲಿ ಆರೋಪಿ ಪರ ವಕೀಲರು ಕೇಳಿದ ಮೊದಲ ಪ್ರಶ್ನೆಯೇ ಇದು. ಸಾಕ್ಷಿ ಹಳ್ಳಿಯವರು, ಸುಳ್ಳು ಹೇಳಿ ಗೊತ್ತಿಲ್ಲದವರು. "ಪೊಲೀಸರ ಹತ್ರ ನಾನು ಏನು ಹೇಳಿದ್ದೆ ಅಂತ ಓದಿದ್ರು ಸ್ವಾಮಿ" ಅಂದರು. ಅದು ಹಾಗೇ ಟೈಪ್ ಆಯಿತು. ಕಣ್ಣಾರೆ ಕಂಡದ್ದನ್ನೇ ಹೇಳಿದ್ದ ಮನುಷ್ಯ, ಹೇಳಿಕೊಟ್ಟಿದ್ದನ್ನು ಒಪ್ಪಿಸಿದವರಂತೆ ಕಾಣತೊಡಗಿದರು. ನನ್ನ ಹಿಂದೆ ಕೂತಿದ್ದ ವಿದ್ಯಾರ್ಥಿನಿ ತಲೆ ಎತ್ತಲಿಲ್ಲ.

ತಪ್ಪು ಅವಳದಲ್ಲ, ನನ್ನದು. ಕಡತ ಕೈಗೆ ಕೊಟ್ಟಿದ್ದೆ, ಸಾಕ್ಷಿಗಳನ್ನು ಕೂರಿಸು ಅಂದಿದ್ದೆ. ಏನು ಮಾಡಬಾರದು ಅಂತ ಮಾತ್ರ ಹೇಳಿರಲಿಲ್ಲ. ತಾಲೂಕಿನ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನಲ್ಲಿ ನಾನು ಸಹಾಯಕ ಸರ್ಕಾರಿ ಅಭಿಯೋಜಕಿ, ಅಂದರೆ ಸರ್ಕಾರದ ಪರ ಕ್ರಿಮಿನಲ್ ಕೇಸು ನಡೆಸುವ ವಕೀಲೆ, ಎಲ್ಲರ ಬಾಯಲ್ಲಿ ಎಪಿಪಿ ಮೇಡಂ. ಆ ದಿನದಿಂದ ವಿದ್ಯಾರ್ಥಿಗಳಿಗೆ ಕಲಿಸುವ ರೀತಿಯನ್ನೇ ಬದಲಾಯಿಸಿದೆ.

ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಮೂರು ವರ್ಷದ ಎಲ್‌ಎಲ್‌ಬಿಯವರು ಓದು ಮುಗಿಸುವಷ್ಟರಲ್ಲಿ ಕನಿಷ್ಠ 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಒಂದು ವರ್ಷದಲ್ಲಿ ಒಂದೇ ಸಮನೆ ನಾಲ್ಕು ವಾರಕ್ಕಿಂತ ಜಾಸ್ತಿ ಮಾಡುವಂತಿಲ್ಲ. ತೊಡಕು ಇಲ್ಲೇ ಇದೆ. ನಾಲ್ಕು ವಾರದಲ್ಲಿ ಒಂದು ಕ್ರಿಮಿನಲ್ ಕೇಸು ಎಷ್ಟು ಮುಂದೆ ಹೋದೀತು? ಒಂದು ಸಾಕ್ಷಿಗೆ ಸಮನ್ಸ್ ಜಾರಿಯಾಗಿ ಅವರು ಕೋರ್ಟಿಗೆ ಬಂದರೆ ಅದೇ ದೊಡ್ಡದು. ಸುಮ್ನೆ ಹಿಂದಿನ ಬೆಂಚಿನಲ್ಲಿ ಕೂತರೆ ಕೇಸು ಕೂಗುವುದು, ದಿನಾಂಕ ಕೊಡುವುದು, ಇಷ್ಟೇ ಕಾಣುತ್ತದೆ. ಅದಕ್ಕೇ ಮೊದಲ ವಾರ ಮಧ್ಯಾಹ್ನದವರೆಗೆ ಅವರನ್ನು ಕೋರ್ಟ್ ಹಾಲ್‌ಗೆ ಕರೆದುಕೊಂಡೇ ಹೋಗುವುದಿಲ್ಲ. ಕಚೇರಿಯಲ್ಲಿ ಒಂದು ಚಾರ್ಜ್‌ಶೀಟ್ ಮುಂದಿಟ್ಟು ಕೂರಿಸುತ್ತೇನೆ.

ಹೆಚ್ಚಾಗಿ ಕೊಡುವುದು ಅಪಘಾತದಲ್ಲಿ ಸಾವಾದ ಕೇಸು. ಅದರಲ್ಲಿ ಎಲ್ಲ ಬಗೆಯ ಕಾಗದವೂ ಇರುತ್ತದೆ: ದೂರು, ಎಫ್‌ಐಆರ್, ಸ್ಥಳ ಮಹಜರು (ಪೊಲೀಸರು ಪಂಚರ ಮುಂದೆ ಜಾಗ ನೋಡಿ ಬರೆದ ದಾಖಲೆ), ನಕ್ಷೆ, ಮರಣೋತ್ತರ ಪರೀಕ್ಷೆಯ ವರದಿ, ವಾಹನ ಪರಿಶೀಲಿಸಿದ ಮೋಟಾರು ವಾಹನ ನಿರೀಕ್ಷಕರ ವರದಿ. ಮೊದಲ ಪ್ರಶ್ನೆ, ಘಟನೆ ನಡೆದ ದಿನ ಯಾವುದು? 2024ರ ಜುಲೈ 1ಕ್ಕಿಂತ ಮುಂಚಿನದಾದರೆ ಹಳೇ ಭಾರತೀಯ ದಂಡ ಸಂಹಿತೆ (ಐಪಿಸಿ) 279, 304ಎ, ಅಂದರೆ ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದಾದ ಸಾವು. ಆಮೇಲಿನದಾದರೆ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 281, 106. ನನ್ನ ಬೀರುವಿನಲ್ಲಿ ಎರಡೂ ಬಗೆಯ ಕಡತಗಳಿವೆ, ಇನ್ನೂ ಹಲವು ವರ್ಷ ಇರುತ್ತವೆ. ಹೊಸ ಕಾಯ್ದೆಯನ್ನಷ್ಟೇ ಓದಿಕೊಂಡು ಬಂದವರು ಇಲ್ಲೇ ತಡವರಿಸುತ್ತಾರೆ.

ಆಮೇಲೆ ಒಂದು ದೊಡ್ಡ ಹಾಳೆಯಲ್ಲಿ ಪಟ್ಟಿ. ಒಂದೊಂದು ಸಾಲಿಗೆ ಒಬ್ಬ ಚಾರ್ಜ್‌ಶೀಟ್ ಸಾಕ್ಷಿ, ನಮ್ಮ ಭಾಷೆಯಲ್ಲಿ ಚಾಸಾ. ಈ ಸಾಕ್ಷಿಯಿಂದ ಯಾವ ಸಂಗತಿ ರುಜುವಾತಾಗಬೇಕು? ಯಾವ ದಾಖಲೆ ಇವರ ಮೂಲಕ ಗುರುತಾಗಬೇಕು? ಇವರ ಮಾತು ಇನ್ನೊಬ್ಬರ ಮಾತಿಗೆ ಎಲ್ಲಿ ಕೂಡುವುದಿಲ್ಲ? ಒಮ್ಮೆ ಒಬ್ಬ ಹುಡುಗ ಎರಡನೇ ದಿನವೇ ಓಡಿ ಬಂದ. ಮಹಜರಿನಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತು ಅಂತಿತ್ತು. ಆದರೆ ದೂರು ಠಾಣೆಗೆ ಬಂದದ್ದೇ ಒಂಬತ್ತೂವರೆಗೆ. "ಮೇಡಂ, ಇದನ್ನ ಅವರ ಕಡೆ ವಕೀಲರು ನೋಡಿಬಿಟ್ರೆ?" ಅಂದ. ಅವರ ಹತ್ತಿರವೂ ಇದೇ ಪ್ರತಿ ಇದೆ ಕಣಪ್ಪ, ನಾವೇ ಕೊಟ್ಟಿದ್ದು, ಅಂದೆ. ಇಂಥದ್ದನ್ನು ಮುಚ್ಚಿಡುವುದು ನಮ್ಮ ಕೆಲಸ ಅಲ್ಲ. ತನಿಖಾಧಿಕಾರಿ ಸಾಕ್ಷಿ ಹೇಳಲು ಬಂದಾಗ ಮುಖ್ಯ ವಿಚಾರಣೆಯಲ್ಲೇ, ಅಂದರೆ ಪಾಟೀ ಸವಾಲಿಗೆ ಮುಂಚೆ ನಾವು ಪ್ರಶ್ನೆ ಕೇಳುವಾಗಲೇ, ಅದನ್ನು ಕೇಳಿದೆ. ಸರ್ಕಾರದ ಪರ ನಿಂತವರಿಗೆ ಶಿಕ್ಷೆ ಕೊಡಿಸುವುದೇ ಗುರಿ ಅಂತ ತುಂಬ ಹುಡುಗರು ಅಂದುಕೊಂಡು ಬರುತ್ತಾರೆ. ನಿಜ ಏನು ಅಂತ ಕೋರ್ಟಿನ ಮುಂದೆ ಇಡುವುದು ನಮ್ಮ ಹೊಣೆ. ಇದನ್ನು ಭಾಷಣದಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ, ಒಂದು ಮಹಜರಿನ ಸಮಯದಲ್ಲಿ ತೋರಿಸಿದರೆ ಹೋಗುತ್ತದೆ.

ಎರಡನೇ ವಾರದಿಂದ ಸಾಕ್ಷಿಗಳ ಹತ್ತಿರ ಬಿಡುತ್ತೇನೆ. ನಿಯಮ ಬಿಗಿ. ಎಲ್ಲಿ ನಿಲ್ಲಬೇಕು, ನ್ಯಾಯಾಧೀಶರ ಕಡೆ ನೋಡಿ ಮಾತಾಡಬೇಕು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು, ನೀರು ಎಲ್ಲಿದೆ, ಸಾಕ್ಷಿ ಬತ್ತೆಗೆ ಯಾರನ್ನು ಕೇಳಬೇಕು. ಇಷ್ಟನ್ನು ಹೇಳಬಹುದು. ಕೇಸಿನ ಬಗ್ಗೆ ಒಂದಕ್ಷರವೂ ಬೇಡ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ, ಅದೇ ಸಾಕ್ಷ್ಯವೂ ಅಲ್ಲ. ಕೋರ್ಟಿನಲ್ಲಿ ಬಾಯಿಬಿಟ್ಟು ಹೇಳಿದ್ದೇ ಸಾಕ್ಷ್ಯ. ಕಡತದ ಫೋಟೋ ಮೊಬೈಲಿನಲ್ಲಿ ತೆಗೆಯುವಂತಿಲ್ಲ. ಲೈಂಗಿಕ ದೌರ್ಜನ್ಯದ ಕಡತವನ್ನು ವಿದ್ಯಾರ್ಥಿಗಳಿಗೆ ಕೊಡುವುದೇ ಇಲ್ಲ. ನೊಂದವರ ಗುರುತು ಬಯಲು ಮಾಡುವುದೇ ಅಪರಾಧ.

ಸಾಕ್ಷಿ ಉಲ್ಟಾ ಹೊಡೆದ ದಿನ ಅವರಿಗೆ ದೊಡ್ಡ ಪಾಠ. ನಮ್ಮದೇ ಸಾಕ್ಷಿ "ನಾನು ಏನೂ ನೋಡಿಲ್ಲ" ಅಂದಾಗ ಹುಡುಗರ ಮುಖ ಇಳಿದುಹೋಗುತ್ತದೆ. ಆಗ ಗಮನಿಸಬೇಕಾದ್ದು ಮುಂದಿನ ಹತ್ತು ನಿಮಿಷ. ಪ್ರತಿಕೂಲ ಸಾಕ್ಷಿ, ಅಂದರೆ ನಮ್ಮ ವಿರುದ್ಧ ತಿರುಗಿದ ಸಾಕ್ಷಿ, ಅಂತ ಪರಿಗಣಿಸಲು ಅನುಮತಿ ಕೇಳುತ್ತೇವೆ, ಹಿಂದೆ ಕೊಟ್ಟ ಹೇಳಿಕೆಯನ್ನು ಓದಿ ಪ್ರಶ್ನೆ ಹಾಕುತ್ತೇವೆ, ಅಲ್ಲಗಳೆದ ಭಾಗವನ್ನು ಗುರುತು ಮಾಡಿಸುತ್ತೇವೆ. ಸಂಜೆ ಕಚೇರಿಯಲ್ಲಿ, ಅವರು ಯಾಕೆ ಹಾಗೆ ಹೇಳಿರಬಹುದು ಅಂತ ಕೇಳುತ್ತೇನೆ. ಹೆದರಿಕೆ ಅಂತಲೇ ಎಲ್ಲರೂ ಶುರು ಮಾಡುತ್ತಾರೆ. ಊರಲ್ಲಿ ರಾಜಿಯಾಗಿರಬಹುದು. ಆರೋಪಿಯ ಹೊಲದ ಬದುವಿನ ಪಕ್ಕವೇ ಇವರ ಹೊಲ ಇರಬಹುದು. ನಾಲ್ಕು ವರ್ಷದಲ್ಲಿ ನಿಜವಾಗಲೂ ಮರೆತಿರಬಹುದು ಅಲ್ವಾ?

ಬರುವ ಆಸೆ ಇದ್ದವರಿಗೆ ಒಂದು ಮಾತು. ಪ್ರಾಂಶುಪಾಲರ ಪತ್ರ ಹಿಡಿದು ಮುಂಚೆಯೇ ಬನ್ನಿ, ನಾನೂ ಮೇಲಿನವರ ಒಪ್ಪಿಗೆ ಪಡೆಯಬೇಕು. ಬೇಸಿಗೆ ರಜೆಯಲ್ಲಿ ಬರಬೇಡಿ, ಆಗ ಕೋರ್ಟಿಗೂ ರಜೆ ಇರುತ್ತದೆ. ಕನ್ನಡ ಕೈಬರಹ ಓದಲು ಕಲಿತು ಬನ್ನಿ. ನಮ್ಮ ಹಳೇ ಮಹಜರುಗಳು ಬಹುಪಾಲು ಕೈಬರಹದವೇ. ನಾಲ್ಕು ವಾರ ಮುಗಿದ ಮೇಲೆ ನೀವು ಪಟ್ಟಿ ಮಾಡಿದ ಕೇಸಿನ ಮುಂದಿನ ದಿನಾಂಕ ಬರೆದುಕೊಂಡು ಹೋಗಿ. ಆ ದಿನ ಬಂದರೆ ನಿಮ್ಮ ಹಾಳೆ ನನ್ನ ಕಡತದಲ್ಲೇ ಇರುತ್ತದೆ. ಮಹಜರಿನ ಸಮಯ ಕಂಡುಹಿಡಿದ ಹುಡುಗ ಹಾಗೆ ಮೂರು ಸಲ ಬಂದ. ತೀರ್ಪಿನ ದಿನವೂ ಬಂದಿದ್ದ.