ಎದೆಹಾಲು ಸೋರುತ್ತಿದೆಯೇ? ಪ್ಯಾಡ್ ಹೀಗೆ ಆರಿಸಿಕೊಳ್ಳಿ

ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೊರಟ ಲೋಕಲ್ ರೈಲು, ಮಹಿಳೆಯರ ಡಬ್ಬಿ. ಠಾಣೆ ನಿಲ್ದಾಣ ದಾಟುತ್ತಲೇ ಯಾರದೋ ಕೂಸು ಅತ್ತಿತು. ನನ್ನ ಕೂಸು ಮನೆಯಲ್ಲಿ ಅಜ್ಜಿಯ ಮಡಿಲಲ್ಲಿತ್ತು. ಆದರೂ ಎದೆ ಜುಮ್ಮೆಂದು, ತಿಳಿನೀಲಿ ಕುರ್ತಾದ ಮೇಲೆ ಎರಡು ಒದ್ದೆ ಕಲೆಗಳು ಮೂಡಿದವು. ಅಳು ಕೇಳಿದರೆ, ಮಗುವನ್ನು ನೆನೆದರೂ ಸಾಕು, ಆಕ್ಸಿಟೋಸಿನ್ ಹಾರ್ಮೋನು ಹಾಲಿಳಿಸುತ್ತದೆ. ಹೆರಿಗೆಯ ಮೊದಲ ವಾರಗಳಲ್ಲಿ ಇದು ಹೆಚ್ಚು. ಕೆಲವರಿಗೆ 26 ವಾರಗಳ ಹೆರಿಗೆ ರಜೆ ಮುಗಿದರೂ ನಿಲ್ಲುವುದಿಲ್ಲ. ನಾಚುವಂಥದ್ದು ಇದರಲ್ಲಿ ಏನೂ ಇಲ್ಲ.

ಮೊದಲು ಎಷ್ಟು ಸೋರುತ್ತದೆಂದು ಎರಡು ದಿನ ಗಮನಿಸಿ. ನಾಲ್ಕು ಹನಿಯಾದರೆ ಬ್ರಾದೊಳಗೆ ಇಟ್ಟುಕೊಳ್ಳುವ ತೆಳುವಾದ ಹತ್ತಿಯ ಪ್ಯಾಡ್ ಸಾಕು. ಕುಪ್ಪಸವೇ ತೊಯ್ಯುವಂತಿದ್ದರೆ, ದೂರ ಪ್ರಯಾಣವಿದ್ದರೆ, ಬಳಸಿ ಎಸೆಯುವ ಪ್ಯಾಡ್ ಒಳ್ಳೆಯದು. ಅದರೊಳಗಿನ ಹೀರುವ ಪುಡಿಯು ಹಾಲನ್ನು ಜೆಲ್‌ನಂತೆ ಹಿಡಿದಿಡುತ್ತದೆ.

ಕೊಳ್ಳುವಾಗ ಡಬ್ಬದ ಮೇಲಿನ ಮಾತು ನಂಬಬೇಡಿ. ಚಿಕ್ಕ ಪೊಟ್ಟಣ ತಂದು, ಒಂದು ಪ್ಯಾಡ್ ಮೇಲೆ ಎರಡು ಟೀ ಚಮಚ ನೀರು ಸುರಿಯಿರಿ. ನಿಮಿಷ ಬಿಟ್ಟು ಟಿಶ್ಯೂ ಕಾಗದ ಒತ್ತಿ ನೋಡಿ. ಕಾಗದ ತೊಯ್ದರೆ ನಿಮ್ಮ ಚರ್ಮವೂ ತೊಯ್ಯುತ್ತದೆ. ನಮ್ಮ ಮುಂಬಯಿಯ ಸೆಕೆಯಲ್ಲಿ ಇದೇ ಮುಖ್ಯ: ಒದ್ದೆ ಪ್ಯಾಡ್ ಬಹಳ ಹೊತ್ತು ಅಂಟಿಕೊಂಡಿದ್ದರೆ ಮೊಲೆತೊಟ್ಟು ಮೆತ್ತಗಾಗಿ ಬಿರಿಯುತ್ತದೆ, ಶಿಲೀಂಧ್ರ ಸೋಂಕಿಗೂ ದಾರಿಯಾಗುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಹಾಳೆಯಿರುವುದನ್ನು ನಾನು ಕೊಳ್ಳುವುದಿಲ್ಲ. ಸುವಾಸನೆ ಬೆರೆಸಿದ್ದೂ ಬೇಡ.

ಬಟ್ಟೆಯ ಪ್ಯಾಡ್‌ಗಳು ಖರ್ಚು ಉಳಿಸುತ್ತವೆ, ಮೈಗೂ ಹಿತ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೇ ಕಷ್ಟ. ಮಳೆಗಾಲಕ್ಕೆ ಹತ್ತು ಜೋಡಿಯಾದರೂ ಇರಲಿ. ಮೊದಲ ಬಳಕೆಗೆ ಮುನ್ನ ಒಗೆಯಿರಿ. ಬಟ್ಟೆ ಮೃದುವಾಗಿಸುವ ದ್ರಾವಣ ಹಾಕಬೇಡಿ, ಹೀರುವ ಶಕ್ತಿ ಕುಂದುತ್ತದೆ. ಅರೆಬರೆ ಒಣಗಿದ್ದನ್ನು ಧರಿಸಲೇಬೇಡಿ.

ಪ್ರತಿ ಸಲ ಹಾಲೂಡಿಸಿದ ಮೇಲೆ, ಒದ್ದೆಯಾದಾಗಲೆಲ್ಲ, ಪ್ಯಾಡ್ ಬದಲಾಯಿಸಿ. ತೊಟ್ಟಿಗೆ ಅಂಟಿಕೊಂಡಿದ್ದರೆ ಎಳೆಯದೆ, ಬೆಚ್ಚಗಿನ ನೀರಿನಿಂದ ನೆನೆಸಿ ಬಿಡಿಸಿ. ಎದೆ ಕೆಂಪಾಗಿ ಗಟ್ಟಿಯಾಗಿ, ಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಿ. ಹಾಲೂಡಿಸುವುದನ್ನು ನೀವಾಗಿಯೇ ನಿಲ್ಲಿಸಬೇಡಿ.

ಕಚೇರಿಯ ಚೀಲದಲ್ಲಿ ಎರಡು ಜೋಡಿ ಪ್ಯಾಡ್, ಒದ್ದೆಯಾದವನ್ನು ಹಾಕಲು ಜಿಪ್ ಇರುವ ಪುಟ್ಟ ಚೀಲ, ಒಂದು ಹೂವಿನ ಅಚ್ಚಿನ ದುಪಟ್ಟಾ ಇಟ್ಟುಕೊಳ್ಳಿ. ಗಾಡಿಯಲ್ಲಿ ಎದೆ ಜುಮ್ಮೆಂದರೆ ಕೈಕಟ್ಟಿ ಮುಂದೋಳಿನಿಂದ ಎದೆಯನ್ನು ಮೆಲ್ಲಗೆ ಒತ್ತಿಕೊಳ್ಳಿ. ಸೋರುವುದು ಸ್ವಲ್ಪ ಹೊತ್ತಿನಲ್ಲಿ ತಗ್ಗುತ್ತದೆ.