ಹಳೇ ಬ್ಯಾಕಪ್ ರಾಶಿಯೊಳಗೆ ನುಡಿ ಫೈಲ್ ಹುಡುಕಿದ್ದು: ನನ್ನ ಅನುಭವ

ಸಿಗ್ತು! ಹದಿನೈದಿಪ್ಪತ್ತು ವರ್ಷದ ಹಿಂದೆ ನಮ್ಮ ಡಿಟಿಪಿ ಸೆಂಟರ್‌ನಲ್ಲಿ ಮಾಡಿದ್ದ ಸ್ಮರಣ ಸಂಚಿಕೆ, ಮರುಮುದ್ರಣಕ್ಕೆ ಬೇಕು ಅಂತ ಕೇಳ್ಕೊಂಡು ಬಂದಿದ್ರು. ಪಕ್ಕದ ಪ್ರೆಸ್‌ನೋರು, ನನ್ನ ಪಾರ್ಟ್ನರ್ರು ಎಲ್ಲರೂ ಹೇಳಿದ್ದು ಒಂದೇ, ಅದೆಲ್ಲ ಸಿಗೋ ಮಾತಲ್ಲ, ಹೊಸದಾಗಿ ಟೈಪ್ ಮಾಡಿಸಿಬಿಡಿ ಅಂತ. 200 ಚಿಲ್ಲರೆ ಪುಟ, ಪುಟಕ್ಕೆ 30 ರೂಪಾಯಿ ಹಿಡಿದ್ರೂ ಆರೇಳು ಸಾವಿರ, ಕರಡು ತಿದ್ದೋರಿಗೆ ಬೇರೆ. ಡಾಟಾ ರಿಕವರಿಯೋರು 15 ಸಾವಿರದಿಂದ ಮಾತು ಶುರು ಮಾಡಿದ್ರು. ನಂಗೆ ಖರ್ಚಾಗಿದ್ದು ಒಂದು ಎಸ್‌ಎಸ್‌ಡಿಗೆ ನಾಲ್ಕು ಸಾವಿರ ರೂಪಾಯಿ, ಅಷ್ಟೆ.

ಸಿಡಿ, ಡಿವಿಡಿಯಿಂದ ಇಳಿಸಿದ್ದು, ಜಿಪ್, ತುಂಡುತುಂಡು ರಾರ್, ಆಮೇಲೆ ಲಿನಕ್ಸ್ ಬಾಕ್ಸಿನ ಟಾರ್ ಜಿಜಿಪ್ (ಇವೂ ಜಿಪ್ ಥರಾನೇ, ಹಲವು ಫೈಲ್ ಒಟ್ಟುಮಾಡಿ ಕುಗ್ಗಿಸಿದ್ದು), ಎಲ್ಲಾ ಸೇರಿ ಒಂದೂಕಾಲು ಟಿಬಿ ಇರಬಹುದು. ಮೊದ್ಲು ಎಲ್ಲಾನೂ ಬಿಚ್ಚಿ ನೋಡೋಣ ಅಂತ ಹೊರಟ್ರೆ ಅರ್ಧದಲ್ಲೇ ಡಿಸ್ಕ್ ಫುಲ್, ಯಾಕಂದ್ರೆ ಒಂದೇ ಫೋಲ್ಡರ್ ನಾಲ್ಕೈದು ಬ್ಯಾಕಪ್‌ನಲ್ಲಿ ಕೂತಿದೆ. ಹೆಸರು ನೋಡಿ ಹುಡುಕೋಣ ಅಂದ್ರೆ ಫೈನಲ್, ಫೈನಲ್2, ನ್ಯೂ ಫೈನಲ್. ತಾರೀಕು ನೋಡೋಣ ಅಂದ್ರೆ ಆಗಿನ ಸಿಸ್ಟಮ್‌ದು ಗಡಿಯಾರ ನಡೆಸೋ ಸಿಮೋಸ್ ಬ್ಯಾಟರಿ ಸತ್ತಿತ್ತು, ಎಲ್ಲಾ ಫೈಲೂ 2002ರ ಜನವರಿ ಅಂತಾನೇ ತೋರ್ಸುತ್ತೆ.

ಆಮೇಲೆ ಬಿಚ್ಚೋದೇ ಬಿಟ್ಟು ಬರೀ ಲಿಸ್ಟ್ ತೆಗೆದೆ. ಜಿಪ್‌ಗೆ ಕೊನೇಲಿ ಪಟ್ಟಿ ಇರೋದ್ರಿಂದ ಕ್ಷಣದಲ್ಲಿ ಆಗುತ್ತೆ, ಟಾರ್ ಜಿಜಿಪ್‌ಗೆ ಪಟ್ಟಿನೇ ಇಲ್ಲ, ತಲೆಯಿಂದ ಬುಡದವರೆಗೂ ಓದಲೇಬೇಕು, ಅದನ್ನ ರಾತ್ರಿ ಹಾಕಿ ಮಲಗಿದೆ. ಎಲ್ಲಾ ಒಂದೇ ಟೆಕ್ಸ್ಟ್ ಫೈಲಿಗೆ. ಪಿಎಂಡಿ, ಅಂದ್ರೆ ಪೇಜ್‌ಮೇಕರ್ ಫೈಲ್ ಮಾತ್ರ ಇಟ್ಕೊಂಡು, ಹೆಸರೂ ಸೈಜೂ ಒಂದೇ ಇದ್ದಿದ್ದನ್ನ ತೆಗೆದ್ಮೇಲೆ ಮೂರು ಲಕ್ಷ ಹೆಸರು ಎಂಟೊಂಬತ್ತು ಸಾವಿರಕ್ಕೆ ಇಳೀತು.

ಇನ್ನು ಒಳಗಿನ ಅಕ್ಷರ ಹುಡುಕೋದು. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಹುಡುಕಿದ್ರೆ ಏನೂ ಬರಲ್ಲ, ಹಳೇ ನುಡಿ ಫಾಂಟು ಇಂಗ್ಲಿಷ್ ಅಕ್ಷರದ ಜಾಗದಲ್ಲೇ ಕನ್ನಡ ಕೂರಿಸ್ಕೊಂಡಿರುತ್ತೆ, ಅದ್ರಲ್ಲಿ ಕ ಅಂದ್ರೆ ಇಂಗ್ಲಿಷಿನ ದೊಡ್ಡ ಪಿ, ಅದರ ಮುಂದೆ ತಲೆ ಮೇಲೆ ಗೀಟಿರೋ ಎ. ಆ ಬೈಟ್‌ಗಳನ್ನೇ ಗ್ರೆಪ್‌ಗೆ (ಫೈಲೊಳಗೆ ಪದ ಹುಡುಕೋ ಕಮ್ಯಾಂಡ್) ಕೊಡ್ಬೇಕು, ಲೊಕೇಲ್ ಸಿ ಇಟ್ಟು, ಅಂದ್ರೆ ಬರೀ ಬೈಟ್ ನೋಡು ಅಂತ ಹೇಳಿ. ಅದೇ ಪದ ವರ್ಡ್‌ನ ಡಾಕ್ಸ್ ಫೈಲಲ್ಲಿದ್ರೆ ಯುಟಿಎಫ್-8 ಆಗಿರುತ್ತೆ, ಆ ಗೀಟಿನ ಅಕ್ಷರ ಎರಡು ಬೈಟ್ ತಗೊಳುತ್ತೆ, ಹಾಗಾಗಿ ಅದಕ್ಕೆ ಬೇರೆ ಪ್ಯಾಟರ್ನ್ ಬೇಕು. ಟಾರ್‌ನಲ್ಲಿ ಟು-ಕಮ್ಯಾಂಡ್ ಆಪ್ಷನ್ ಹಾಕಿದ್ರೆ ಒಂದೊಂದೇ ಫೈಲ್ ಗ್ರೆಪ್‌ಗೆ ಹೋಗುತ್ತೆ, ಡಿಸ್ಕಿಗೆ ಏನೂ ಬರೆಯಲ್ಲ, ಫೈಲ್ ಹೆಸರೂ ಸಿಗುತ್ತೆ. ಬರೀ ಪೈಪ್ ಮಾಡಿ ಎಲ್ಲಾ ಒಟ್ಟಿಗೆ ಗ್ರೆಪ್‌ಗೆ ಸುರಿದ್ರೆ ಪದ ಸಿಗುತ್ತೆ, ಯಾವ ಫೈಲು ಅಂತ ಗೊತ್ತಾಗಲ್ಲ.

ಪದ ಆರಿಸೋದ್ರಲ್ಲೇ ಇರೋದು ಜಾಣತನ. ಶ್ರೀ, ಸ್ವಾಮೀಜಿ ಅಂತ ಹುಡುಕಿದ್ರೆ ಮದುವೆ ಕಾರ್ಡೆಲ್ಲಾ ಎದ್ದು ಬರ್ತವೆ. ಅಪರೂಪದ ಊರ ಹೆಸರು ಹಿಡೀರಿ. ಅರ್ಕಾವತ್ತು ಇರೋ ಪದ ಆದಷ್ಟು ಬೇಡ, ನುಡೀಲಿ ಅದು ಅಕ್ಷರದ ನಂತರ ಕೂತಿರುತ್ತೆ, ಯೂನಿಕೋಡ್ ಲೆಕ್ಕದಲ್ಲಿ ಹೋದ್ರೆ ತಪ್ಪುತ್ತೆ. ಅದಕ್ಕೂ ನಾನೊಂದು ಸ್ಕ್ರಿಪ್ಟ್ ಮಾಡ್ಕೊಂಡಿದೀನಿ, ಅದು ನನ್ನ ಹತ್ರಾನೇ ಇರ್ಲಿ.

ಮಧ್ಯದಲ್ಲಿ ಗೀರು ಬಿದ್ದ ಒಂದಷ್ಟು ಸಿಡಿಗೆ ಡಿಡಿರೆಸ್ಕ್ಯೂನೂ (ಕೆಟ್ಟ ಡಿಸ್ಕಿಂದ ಸಿಕ್ಕಷ್ಟು ಓದೋ ಟೂಲ್) ಹಾಕಿ ನೋಡ್ದೆ, ಡ್ರೈವ್ ಬದಲಾಯಿಸಿ, ಎಲ್ಲೆಲ್ಲಿ ಓದಾಯ್ತು ಅಂತ ಬರೆದಿಡೋ ಅದೇ ಮ್ಯಾಪ್ ಫೈಲ್ ಇಟ್ಕೊಂಡು ಮತ್ತೆ ಓಡಿಸಿದ್ರೆ ಮೊದಲ ಡ್ರೈವ್ ಬಿಟ್ಟ ಜಾಗ ಎಷ್ಟೋ ತುಂಬ್ಕೊಳ್ತು, ಎರಡು ಸಿಡಿ ಹಾಗೇ ಬದುಕಿದ್ವು.

ಸಂಚಿಕೆ ಸಿಕ್ಕಿದ್ದು ಒಂದು ಟಾರ್ ಒಳಗಿನ ಜಿಪ್‌ನಲ್ಲಿ, ಹೆಸರು ನ್ಯೂ1. ಅದಕ್ಕೇ ಹೇಳ್ತಿದೀನಿ, ಒಳಗಿನ ಜಿಪ್‌ಗಳದ್ದೂ ಲಿಸ್ಟ್ ತೆಗೀರಿ. ಇನ್‌ಡಿಸೈನ್ ಸಿಎಸ್6 ಇರೋ ಹಳೇ ಮಷಿನ್ ಇದ್ರೆ ಮಾರ್ಬೇಡಿ, ಅದರ ನಂತರದವು ಪೇಜ್‌ಮೇಕರ್ ಫೈಲ್ ತೆಗೆಯಲ್ಲ.